ಫ್ಲಾಸ್ಕ್ ಕಪ್ಪಾಯಿತು, ಪಲ್ಲಾಡಿಯಂ ಎಲ್ಲಿ ಹೋಯಿತು?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಸುಜುಕಿ ಕಪ್ಲಿಂಗ್ (ಪಲ್ಲಾಡಿಯಂ ನೆರವಿನಿಂದ ಎರಡು ಬೆಂಜೀನ್ ಉಂಗುರ ಜೋಡಿಸುವ ರಿಯಾಕ್ಷನ್) ಮಾಡುತ್ತಿದ್ದೇನೆ. 4-ಬ್ರೋಮೋಅನಿಸೋಲ್ 5 ಮಿಲಿಮೋಲ್, ಫಿನೈಲ್‌ಬೋರಾನಿಕ್ ಆಸಿಡ್ 6 ಮಿಲಿಮೋಲ್, ಪೊಟ್ಯಾಸಿಯಂ ಕಾರ್ಬೋನೇಟ್ 10 ಮಿಲಿಮೋಲ್. ಇವುಗಳ ಜೊತೆ ಪಲ್ಲಾಡಿಯಂ ಆಸಿಟೇಟ್ 2 ಮೋಲ್ ಶೇಕಡಾ (ಬ್ರೋಮೋಅನಿಸೋಲ್‌ನ ನೂರು ಅಣುವಿಗೆ ಎರಡು), ಟ್ರೈಫಿನೈಲ್‌ಫಾಸ್ಫೀನ್ 4 ಮೋಲ್ ಶೇಕಡಾ. ಡಯಾಕ್ಸೇನ್ ಮತ್ತು ನೀರು, 80 ಡಿಗ್ರಿ. ಹತ್ತು ನಿಮಿಷದಲ್ಲೇ ಎಲ್ಲಾ ಕಪ್ಪಾಗುತ್ತದೆ. ಯೀಲ್ಡ್ 41%. ಪಲ್ಲಾಡಿಯಂ ಸಾಲದೇನೋ ಅಂದುಕೊಂಡು ಅದನ್ನು ಮಾತ್ರ 4 ಶೇಕಡಾಕ್ಕೆ ಏರಿಸಿದೆ. ಇನ್ನೂ ಬೇಗ ಕಪ್ಪಾಯಿತು, ಯೀಲ್ಡ್ 36%ಗೆ ಇಳಿಯಿತು. ಟಿಎಲ್‌ಸಿಯಲ್ಲಿ (ಸಿಲಿಕಾ ಹಾಳೆಯ ಮೇಲೆ ವಸ್ತುಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಪ್ರಾಡಕ್ಟ್‌ಗಿಂತ ಮೇಲೆ ಇನ್ನೊಂದು ಚುಕ್ಕೆ ಕಾಣುತ್ತದೆ. ಕ್ಯಾಟಲಿಸ್ಟ್ ಖರ್ಚಾಗುವುದಿಲ್ಲ ಅಂತ ಪುಸ್ತಕದಲ್ಲಿದೆ. ಹಾಗಾದರೆ ನನ್ನ ಫ್ಲಾಸ್ಕ್‌ನಲ್ಲಿ ಆಗುತ್ತಿರುವುದೇನು?

ಉತ್ತರ: ನೀವು ಸುಮ್ನೆ "ಕಪ್ಪಾಯಿತು" ಅಂತ ಬರೆದು ಬಿಟ್ಟಿಲ್ಲ, "ಹತ್ತು ನಿಮಿಷದಲ್ಲೇ" ಅಂತಲೂ ಬರೆದಿದ್ದೀರಿ. ಅದಕ್ಕೆ ಮೊದಲು ಧನ್ಯವಾದ. ಉತ್ತರದ ಅರ್ಧ ಭಾಗ ಆ ಹತ್ತು ನಿಮಿಷದಲ್ಲಿದೆ. ಉಳಿದರ್ಧ, ಪಲ್ಲಾಡಿಯಂ ಏರಿಸಿದಾಗ ಫಾಸ್ಫೀನ್ ಅಷ್ಟೇ ಇಟ್ಟಿರಲ್ಲ, ಅಲ್ಲಿದೆ.

ನೀವು ತೂಗಿ ಹಾಕಿದ 22 ಮಿಲಿಗ್ರಾಂ ಪಲ್ಲಾಡಿಯಂ ಆಸಿಟೇಟ್ ಇನ್ನೂ ಕ್ಯಾಟಲಿಸ್ಟ್ ಆಗಿಲ್ಲ. ಕ್ಯಾಟಲಿಸ್ಟ್ ತಯಾರಾಗುವುದು ನಿಮ್ಮ ಫ್ಲಾಸ್ಕ್ ಒಳಗೆ, ಮೊದಲ ಕೆಲವು ನಿಮಿಷಗಳಲ್ಲಿ. ಆ ತಯಾರಿ ಸರಿಯಾಗಿ ಆಗದಿದ್ದರೆ ಮುಂದೆ ಎಷ್ಟು ಗಂಟೆ ಬಿಸಿ ಮಾಡಿದರೂ ಪ್ರಯೋಜನ ಕಡಿಮೆ. ಪುಸ್ತಕದ ಚಕ್ರ, ಅಂದರೆ ಕ್ಯಾಟಲಿಸ್ಟ್ ಕೆಲಸ ಮಾಡಿ ಮತ್ತೆ ಮೊದಲಿನ ರೂಪಕ್ಕೆ ಬರುವ ಸುತ್ತು, ಪಲ್ಲಾಡಿಯಂ(0)ದಿಂದ ಶುರುವಾಗುತ್ತದೆ, ಅಲ್ವಾ? ಆಸಿಟೇಟ್‌ನಲ್ಲಿರುವುದು ಪಲ್ಲಾಡಿಯಂ(2). ಆವರಣದ ಸಂಖ್ಯೆ ಅದು ಬಿಟ್ಟುಕೊಟ್ಟ ಎಲೆಕ್ಟ್ರಾನ್‌ಗಳ ಲೆಕ್ಕ. ನಡುವೆ ಎರಡು ಎಲೆಕ್ಟ್ರಾನ್ ಬೇಕು. ಅವನ್ನು ಯಾರೋ ಕೊಡಬೇಕು.

ನಿಮ್ಮ ಪ್ರಯೋಗದಲ್ಲಿ ಅವನ್ನು ಹೆಚ್ಚಾಗಿ ಕೊಡುವುದು ಟ್ರೈಫಿನೈಲ್‌ಫಾಸ್ಫೀನ್. 1990ರ ದಶಕದಲ್ಲಿ ಪ್ಯಾರಿಸ್‌ನ ಕ್ರಿಶ್ಚಿಯನ್ ಅಮಾತೋರ್ ಮತ್ತು ಆನಿ ಜ್ಯೂತಾಂ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಪಲ್ಲಾಡಿಯಂಗೆ ಅಂಟಿದ ಒಂದು ಫಾಸ್ಫೀನ್ ತನ್ನ ಎಲೆಕ್ಟ್ರಾನ್ ಜೋಡಿ ಬಿಟ್ಟುಕೊಟ್ಟು, ಆಮ್ಲಜನಕ ಹಿಡಿದುಕೊಂಡು, ಫಾಸ್ಫೀನ್ ಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಅದು ಮತ್ತೆ ಲಿಗ್ಯಾಂಡ್ ಆಗಿ, ಅಂದರೆ ಪಲ್ಲಾಡಿಯಂಗೆ ಅಂಟಿ ಅದನ್ನು ಕಾಯುವ ಜೊತೆಗಾರನಾಗಿ, ಕೆಲಸಕ್ಕೆ ಬರುವುದಿಲ್ಲ. ಅಂದರೆ ಒಂದೊಂದು ಪಲ್ಲಾಡಿಯಂ ಎಚ್ಚರಗೊಳ್ಳುವಾಗಲೂ ಒಂದೊಂದು ಫಾಸ್ಫೀನ್ ಖರ್ಚು.

ಈಗ ನಿಮ್ಮ ಲೆಕ್ಕ ನೋಡೋಣ. ಮೊದಲ ಸಲ ಪಲ್ಲಾಡಿಯಂ 0.1 ಮಿಲಿಮೋಲ್, ಫಾಸ್ಫೀನ್ 0.2 ಮಿಲಿಮೋಲ್. ಎಚ್ಚರಿಸಲು 0.1 ಖರ್ಚಾಯಿತು. ಉಳಿದಿದ್ದು 0.1, ಅಂದರೆ ಪಲ್ಲಾಡಿಯಂ ಒಂದಕ್ಕೆ ಒಂದೇ ಫಾಸ್ಫೀನ್. ಎರಡನೇ ಸಲ ಪಲ್ಲಾಡಿಯಂ 0.2, ಫಾಸ್ಫೀನ್ ಕೂಡ 0.2. ಎಚ್ಚರಿಸುವುದಕ್ಕೇ ಹೆಚ್ಚುಕಡಿಮೆ ಎಲ್ಲವೂ ಮುಗಿದುಹೋಯಿತು. ಉಳಿದ ಪಲ್ಲಾಡಿಯಂ ಬರಿಮೈಯಲ್ಲಿ ನಿಂತಿತು. ಯೀಲ್ಡ್ ಇಳಿದಿದ್ದು ಪಲ್ಲಾಡಿಯಂ ಕೆಟ್ಟದ್ದು ಅಂತಲ್ಲ, ಅದಕ್ಕೆ ಜೊತೆ ಇರಲಿಲ್ಲ.

ಬರಿಮೈ ಪಲ್ಲಾಡಿಯಂ(0) ದ್ರಾವಣದಲ್ಲಿ ಒಂಟಿಯಾಗಿ ಇರುವುದಿಲ್ಲ. ಪಕ್ಕದ ಪಲ್ಲಾಡಿಯಂ ಸಿಕ್ಕಿದರೆ ಅದಕ್ಕೆ ಅಂಟಿಕೊಳ್ಳುತ್ತದೆ. ಎರಡು ನಾಲ್ಕಾಗುತ್ತದೆ, ನಾಲ್ಕು ನೂರಾಗುತ್ತದೆ, ಆಮೇಲೆ ಸಾವಿರಾರು ಪರಮಾಣುಗಳ ನ್ಯಾನೋ ಕಣ. ಇಷ್ಟು ಸಣ್ಣ ಪಲ್ಲಾಡಿಯಂ ಕಣಗಳು ಬೆಳಕಿನ ಎಲ್ಲಾ ಬಣ್ಣವನ್ನೂ ಹೀರಿಕೊಳ್ಳುತ್ತವೆ. ಹಾಗಾಗಿ ದ್ರಾವಣ ಮೊದಲು ಕಂದಾಗಿ, ನಂತರ ಕಪ್ಪಾಗಿ ಕಾಣುತ್ತದೆ. ಕಣಗಳು ಇನ್ನೂ ದಪ್ಪಗಾದರೆ ಫ್ಲಾಸ್ಕ್ ಗೋಡೆಗೆ, ಮ್ಯಾಗ್ನೆಟಿಕ್ ಬಾರ್‌ಗೆ ಮೆತ್ತಿಕೊಳ್ಳುತ್ತವೆ. ಲ್ಯಾಬ್‌ನಲ್ಲಿ ಪಲ್ಲಾಡಿಯಂ ಬ್ಲ್ಯಾಕ್ ಅನ್ನುವುದು ಇದಕ್ಕೇ.

ಹಾಗಾದರೆ ಕ್ಯಾಟಲಿಸ್ಟ್ ಖರ್ಚಾಗುವುದಿಲ್ಲ ಅನ್ನುವ ಮಾತು ಸುಳ್ಳೇ? ಸುಳ್ಳಲ್ಲ. ಚಕ್ರದೊಳಗೆ ಅದು ಖರ್ಚಾಗುವುದಿಲ್ಲ. ಆದರೆ ಚಕ್ರದಿಂದ ಹೊರಗೆ ಹೋಗುವ ದಾರಿಗಳೂ ಇವೆ. ಪುಸ್ತಕದ ಚಿತ್ರದಲ್ಲಿ ಆ ದಾರಿಗಳನ್ನು ಬರೆದಿರುವುದಿಲ್ಲ. ನಿಮ್ಮ 2 ಶೇಕಡಾ ಪಲ್ಲಾಡಿಯಂ ಪೂರ್ತಿ ಕೆಲಸ ಮುಗಿಸಬೇಕಾದರೆ ಪ್ರತಿ ಪರಮಾಣು ಸರಾಸರಿ 50 ಸುತ್ತು ಸುತ್ತಬೇಕು. 41% ಯೀಲ್ಡ್ ಅಂದರೆ ಸುಮಾರು 20 ಸುತ್ತು. ಕಣವಾಗಿ ಮುದ್ದೆಯಾಗುವ ಮುಂಚೆ ಅದು ಅಷ್ಟು ಸುತ್ತಿದೆ. ಅದೂ ಕಡಿಮೆ ಕೆಲಸವೇನಲ್ಲ.

ಈ ಸುತ್ತು ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ನಿಮ್ಮ ಸಮಸ್ಯೆ ಯಾವ ಮೆಟ್ಟಿಲಲ್ಲಿದೆ ಅಂತ ಆಗ ಗೊತ್ತಾಗುತ್ತದೆ.

ಮೊದಲ ಮೆಟ್ಟಿಲು ಆಕ್ಸಿಡೇಟಿವ್ ಅಡಿಶನ್. ಪಲ್ಲಾಡಿಯಂ(0) ನಿಮ್ಮ ಬ್ರೋಮೋಅನಿಸೋಲ್‌ನ ಕಾರ್ಬನ್-ಬ್ರೋಮಿನ್ ಬಂಧದ ನಡುವೆ ನುಗ್ಗುತ್ತದೆ. ಬಂಧ ಮುರಿಯುತ್ತದೆ, ಕಾರ್ಬನ್ ಒಂದು ಕಡೆ, ಬ್ರೋಮಿನ್ ಇನ್ನೊಂದು ಕಡೆ, ನಡುವೆ ಪಲ್ಲಾಡಿಯಂ. ಇದಕ್ಕೆ ಪಲ್ಲಾಡಿಯಂ ಎರಡು ಎಲೆಕ್ಟ್ರಾನ್ ತೆರಬೇಕಾಗುತ್ತದೆ, 0 ಇದ್ದದ್ದು 2 ಆಗುತ್ತದೆ. ಬಂಧ ಗಟ್ಟಿಯಾದಷ್ಟೂ ಇದು ಕಷ್ಟ. ಬೆಂಜೀನ್ ಉಂಗುರಕ್ಕೆ ಅಂಟಿದ ಅಯೋಡಿನ್ ಬಂಧ ಮುರಿಯಲು ಮೋಲ್‌ಗೆ ಸುಮಾರು 270 ಕಿಲೋಜೌಲ್ ಬೇಕು. ಬ್ರೋಮಿನ್‌ಗೆ ಸುಮಾರು 340, ಕ್ಲೋರಿನ್‌ಗೆ ಸುಮಾರು 400. ಅಯೋಡೈಡ್ ಸುಲಭ, ಬ್ರೋಮೈಡ್ ಪರವಾಗಿಲ್ಲ, ಕ್ಲೋರೈಡ್ ಹಠಮಾರಿ ಅಂತ ಎಲ್ಲರೂ ಹೇಳುವುದು ಇದಕ್ಕೇ.

ಆದರೆ ಹ್ಯಾಲೊಜೆನ್ ಒಂದನ್ನೇ ನೋಡಿದರೆ ಸಾಲದು. ಉಂಗುರದ ಇನ್ನೊಂದು ತುದಿಯಲ್ಲಿ ಏನಿದೆ ಅಂತಲೂ ನೋಡಬೇಕು. ನಿಮ್ಮ ಅಣುವಿನಲ್ಲಿ ಮೀಥಾಕ್ಸಿ ಇದೆ. ಅದು ಉಂಗುರಕ್ಕೆ ಎಲೆಕ್ಟ್ರಾನ್ ತುಂಬುತ್ತದೆ. ಪಲ್ಲಾಡಿಯಂ ಎಲೆಕ್ಟ್ರಾನ್ ಕೊಡಲು ಬಂದರೆ ಉಂಗುರದಲ್ಲಿ ಆಗಲೇ ಬೇಕಾದಷ್ಟಿದೆ. ಹಾಗಾಗಿ ಈ ಮೆಟ್ಟಿಲು ನಿಧಾನ. ಇದೇ ಜಾಗದಲ್ಲಿ ಸೈನೋ ಅಥವಾ ಆಸಿಟೈಲ್ ಗುಂಪಿದ್ದಿದ್ದರೆ, ಇದೇ ಫಾಸ್ಫೀನ್, ಇದೇ ಬಿಸಿಯಲ್ಲಿ ನಿಮಗೆ ಎಷ್ಟೋ ಒಳ್ಳೆಯ ಯೀಲ್ಡ್ ಬರುತ್ತಿತ್ತು. ನಿಮ್ಮ ಸಹಪಾಠಿ ಯಾರಾದರೂ 4-ಬ್ರೋಮೋಆಸಿಟೋಫಿನೋನ್ ಹಾಕಿ 90% ತೆಗೆದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮದು ನಿಜವಾಗಿಯೂ ಕಷ್ಟದ ಅಣು.

ಎರಡನೆಯದು ಟ್ರಾನ್ಸ್‌ಮೆಟಲೇಶನ್. ಬೋರಾನ್ ಮೇಲಿದ್ದ ಫಿನೈಲ್ ಪಲ್ಲಾಡಿಯಂ ಮೇಲಕ್ಕೆ ದಾಟುತ್ತದೆ. ಇದಕ್ಕೆ ಬೇಸ್ (ನಿಮ್ಮಲ್ಲಿ ಕಾರ್ಬೋನೇಟ್) ಬೇಕೇ ಬೇಕು. ಯಾಕೆ ಬೇಕು ಅನ್ನುವುದರ ಬಗ್ಗೆ ವರ್ಷಗಟ್ಟಲೆ ವಾದ ನಡೆದಿದೆ. ಬೇಸ್ ಹೋಗಿ ಬೋರಾನ್ ಮೇಲೆ ಕೂತು ಅದನ್ನು ಬೋರೇಟ್ ಮಾಡುತ್ತದೆ, ಆ ಬೋರೇಟ್ ಪಲ್ಲಾಡಿಯಂ ಬ್ರೋಮೈಡ್ ಜೊತೆ ವರ್ತಿಸುತ್ತದೆ ಅಂತ ಒಂದು ಕಡೆಯವರು. ಅಲ್ಲ, ಬೇಸ್ ಪಲ್ಲಾಡಿಯಂ ಮೇಲಿನ ಬ್ರೋಮೈಡ್ ತೆಗೆದು ಅಲ್ಲಿ ಹೈಡ್ರಾಕ್ಸೈಡ್ ಕೂರಿಸುತ್ತದೆ, ಅದಕ್ಕೆ ಮಾಮೂಲಿ ಬೋರಾನಿಕ್ ಆಸಿಡ್ ಬಂದು ಸೇರುತ್ತದೆ ಅಂತ ಇನ್ನೊಂದು ಕಡೆಯವರು. 2011ರಲ್ಲಿ ಬ್ರಾಡ್ ಕ್ಯಾರೋ ಮತ್ತು ಜಾನ್ ಹಾರ್ಟ್‌ವಿಗ್ ಎರಡೂ ದಾರಿಯ ಪಲ್ಲಾಡಿಯಂ ಸಂಯುಕ್ತಗಳನ್ನು ಬೇರೆಬೇರೆಯಾಗಿ ತಯಾರಿಸಿ ವೇಗ ಅಳೆದರು. ಟ್ರೈಫಿನೈಲ್‌ಫಾಸ್ಫೀನ್ ಇರುವಾಗ ಹೈಡ್ರಾಕ್ಸೈಡ್ ದಾರಿ ಸಾವಿರಾರು ಪಟ್ಟು ವೇಗ ಅಂತ ಬಂತು. 2016ರಲ್ಲಿ ಆಂಡಿ ಥಾಮಸ್ ಮತ್ತು ಸ್ಕಾಟ್ ಡೆನ್ಮಾರ್ಕ್ ತುಂಬಾ ತಂಪಿನಲ್ಲಿ ಎನ್‌ಎಂಆರ್ (ಅಣುಗಳನ್ನು ಗುರುತಿಸುವ ಕಾಂತೀಯ ಮಾಪನ) ಹಿಡಿದು, ಪಲ್ಲಾಡಿಯಂ-ಆಮ್ಲಜನಕ-ಬೋರಾನ್ ಸರಪಳಿ ಇರುವ ನಡುವಿನ ಅಣುಗಳನ್ನೇ ನೋಡಿದರು. ಫಿನೈಲ್ ದಾಟುವ ಮುಂಚೆ ಬೋರಾನ್ ಮತ್ತು ಪಲ್ಲಾಡಿಯಂ ಒಂದು ಆಮ್ಲಜನಕದ ಮೂಲಕ ಕೈ ಹಿಡಿದಿರುತ್ತವೆ. ನನಗಂತೂ ಈ ಎರಡು ಕೆಲಸಗಳು ತುಂಬಾ ಇಷ್ಟ. ಎಲ್ಲರೂ ಊಹಿಸಿ ಬಾಣ ಗುರುತು ಹಾಕುತ್ತಿದ್ದ ಜಾಗಕ್ಕೆ ಹೋಗಿ ಇವರು ನೋಡಿ ಬಂದರು.

ನಿಮಗೆ ಇದರಿಂದ ಸಿಗುವ ಪಾಠ ಸಣ್ಣದು, ಆದರೆ ಉಪಯೋಗದ್ದು. ನೀರು ಸುಮ್ನೆ ಕಾರ್ಬೋನೇಟ್ ಕರಗಿಸಲು ಮಾತ್ರ ಅಲ್ಲ, ಹೈಡ್ರಾಕ್ಸೈಡ್ ಅಲ್ಲಿಂದಲೇ ಬರುತ್ತದೆ. ಡ್ರೈ ಡಯಾಕ್ಸೇನ್ ಹಾಕಿದರೆ ಚೆನ್ನಾಗಿರುತ್ತದೆ ಅಂತ ಯಾರಾದರೂ ಹೇಳಿದರೆ ಈ ರಿಯಾಕ್ಷನ್‌ಗೆ ಕೇಳಬೇಡಿ. ಇನ್ನೊಂದು ವಿಷಯವೂ ಇದೆ. ಅಯೋಡೈಡ್ ಯಾವಾಗಲೂ ಬ್ರೋಮೈಡ್‌ಗಿಂತ ಉತ್ತಮ ಅಂತ ನಂಬಬೇಡಿ. ಬಿಡುಗಡೆಯಾದ ಅಯೋಡೈಡ್ ಪಲ್ಲಾಡಿಯಂಗೆ ಗಟ್ಟಿಯಾಗಿ ಅಂಟಿ, ಹೈಡ್ರಾಕ್ಸೈಡ್ ಕೂರುವ ಜಾಗ ಹಿಡಿದುಕೊಳ್ಳಬಹುದು. ಆಗ ಮೊದಲ ಮೆಟ್ಟಿಲಲ್ಲಿ ಗಳಿಸಿದ ವೇಗ ಎರಡನೆಯದರಲ್ಲಿ ಹೋಗುತ್ತದೆ.

ಮೂರನೆಯದು ರಿಡಕ್ಟಿವ್ ಎಲಿಮಿನೇಶನ್. ಎರಡು ಉಂಗುರಗಳು ಪಲ್ಲಾಡಿಯಂ ಮೇಲೆ ಅಕ್ಕಪಕ್ಕ ಬಂದರೆ ಸಾಕು, ಒಂದಕ್ಕೊಂದು ಸೇರಿ ಹೊರಗೆ ಬೀಳುತ್ತವೆ. ಪಲ್ಲಾಡಿಯಂ ಮತ್ತೆ 0 ಆಗುತ್ತದೆ. ಎರಡು ಬೆಂಜೀನ್ ಉಂಗುರ ಸೇರುವಾಗ ಇದು ಸಾಮಾನ್ಯವಾಗಿ ಬೇಗನೇ ಆಗುತ್ತದೆ. ನಿಮ್ಮ ಪ್ರಯೋಗದಲ್ಲಿ ಇದರ ಚಿಂತೆ ಬೇಡ.

ಈಗ ಆ ಹತ್ತು ನಿಮಿಷಕ್ಕೆ ಬರೋಣ. ಪ್ರತಿ ಸುತ್ತಿನಲ್ಲೂ ಪಲ್ಲಾಡಿಯಂ ಸ್ವಲ್ಪ ಹೊತ್ತು 0 ಆಗಿ, ಸ್ವಲ್ಪ ಹೊತ್ತು 2 ಆಗಿ ಇರುತ್ತದೆ. ಯಾವ ಮೆಟ್ಟಿಲು ನಿಧಾನವೋ ಅದರ ಬಾಗಿಲ ಮುಂದೆ ಹೆಚ್ಚಿನ ಪಲ್ಲಾಡಿಯಂ ಸಾಲುಗಟ್ಟಿ ಕಾಯುತ್ತಿರುತ್ತದೆ. ಟ್ರಾನ್ಸ್‌ಮೆಟಲೇಶನ್ ನಿಧಾನವಾದರೆ ಅದು ಪಲ್ಲಾಡಿಯಂ(2) ಆಗಿ, ಒಂದು ಆರಿಲ್ (ಬೆಂಜೀನ್ ಉಂಗುರದ ಗುಂಪು) ಮತ್ತು ಒಂದು ಬ್ರೋಮೈಡ್ ಹೊತ್ತುಕೊಂಡು ಕಾಯುತ್ತದೆ. ಆ ರೂಪದಲ್ಲಿ ಅದು ಹೆಚ್ಚುಕಡಿಮೆ ಸುರಕ್ಷಿತ, ಮುದ್ದೆಯಾಗುವುದಿಲ್ಲ. ಆಕ್ಸಿಡೇಟಿವ್ ಅಡಿಶನ್ ನಿಧಾನವಾದರೆ ಮಾತ್ರ ಅದು ಪಲ್ಲಾಡಿಯಂ(0) ಆಗಿ ಕಾಯಬೇಕು. ಅಪಾಯ ಇರುವುದು ಈ ಕಾಯುವಿಕೆಯಲ್ಲಿ. ಬ್ರೋಮೈಡ್ ಬರುವುದು ತಡ, ಫಾಸ್ಫೀನ್ ಸಾಲದು, ಪಕ್ಕದಲ್ಲೇ ಇನ್ನೊಂದು ಪಲ್ಲಾಡಿಯಂ(0) ನಿಂತಿದೆ. ಎರಡೂ ಅಂಟಿಕೊಳ್ಳದೆ ಇನ್ನೇನು ಮಾಡುತ್ತವೆ?

ಅದಕ್ಕೇ ಯಾವಾಗ ಕಪ್ಪಾಯಿತು ಅನ್ನುವುದು ಮುಖ್ಯ. ಕೊನೆಯಲ್ಲಿ ಕಪ್ಪಾದರೆ ಗಾಬರಿ ಬೇಡ. ಬ್ರೋಮೈಡ್ ಮುಗಿದಿದೆ, ಪಲ್ಲಾಡಿಯಂ(0)ಗೆ ಹಿಡಿಯಲು ಏನೂ ಉಳಿದಿಲ್ಲ, ಆದ್ದರಿಂದ ಅದು ಮುದ್ದೆಯಾಗಿದೆ. ಎಷ್ಟೋ ಸಲ ರಿಯಾಕ್ಷನ್ ಮುಗಿಯಿತು ಅನ್ನುವ ಗುರುತೂ ಅದೇ. ನಾನು ಟಿಎಲ್‌ಸಿ ಹಾಕುವ ಮುಂಚೆ ಬಣ್ಣ ನೋಡುವುದು ಈ ಕಾರಣಕ್ಕೆ. ಹತ್ತು ನಿಮಿಷದಲ್ಲಿ ಕಪ್ಪಾದರೆ ಅರ್ಥ ಬೇರೆ. ಬ್ರೋಮೈಡ್ ಇನ್ನೂ ತುಂಬಾ ಇದೆ, ಆದರೂ ಪಲ್ಲಾಡಿಯಂ ಅದನ್ನು ಹಿಡಿಯುವ ಮುಂಚೆ ತಮ್ಮತಮ್ಮಲ್ಲೇ ಸೇರಿಕೊಂಡಿದೆ. ಲಿಗ್ಯಾಂಡ್ ಸಾಲದು, ಅಥವಾ ಇರುವ ಲಿಗ್ಯಾಂಡ್ ಅನ್ನು ಗಾಳಿ ಹಾಳು ಮಾಡಿದೆ, ಅಥವಾ ಎರಡೂ.

ಗಾಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾಟಲಿಯಲ್ಲಿರುವ ಟ್ರೈಫಿನೈಲ್‌ಫಾಸ್ಫೀನ್ ಪುಡಿ ಗಾಳಿಗೆ ಅಷ್ಟೊಂದು ಹೆದರುವುದಿಲ್ಲ. ಅದನ್ನು ನೋಡಿ ದ್ರಾವಣದಲ್ಲೂ ಹಾಗೇ ಅಂದುಕೊಳ್ಳುತ್ತೇವೆ. ಆದರೆ ಪಲ್ಲಾಡಿಯಂ(0) ಪಕ್ಕದಲ್ಲಿದ್ದರೆ ಕಥೆ ಬೇರೆ. ಪಲ್ಲಾಡಿಯಂ(0) ಆಮ್ಲಜನಕವನ್ನು ಹಿಡಿದು ಪೆರಾಕ್ಸೋ ಸಂಯುಕ್ತ ಆಗುತ್ತದೆ, ಆ ಆಮ್ಲಜನಕವನ್ನು ಫಾಸ್ಫೀನ್‌ಗೆ ದಾಟಿಸುತ್ತದೆ. ಅಂದರೆ ಫಾಸ್ಫೀನ್ ಹಾಳಾಗುವ ರಿಯಾಕ್ಷನ್‌ಗೂ ಪಲ್ಲಾಡಿಯಂ ತಾನೇ ಕ್ಯಾಟಲಿಸ್ಟ್. ನಂಬಿಕೆ ಬಾರದಿದ್ದರೆ ಕಪ್ಪಾದ ದ್ರಾವಣದ ಒಂದೆರಡು ಹನಿ ತೆಗೆದು ಫಾಸ್ಫರಸ್ ಎನ್‌ಎಂಆರ್ ಮಾಡಿಸಿ. ಟ್ರೈಫಿನೈಲ್‌ಫಾಸ್ಫೀನ್ ಇದ್ದರೆ -5 ಪಿಪಿಎಂ ಹತ್ತಿರ ಕಾಣುತ್ತದೆ. ಅದರ ಆಕ್ಸೈಡ್ +29 ಹತ್ತಿರ. ನಿಮ್ಮ ದ್ರಾವಣದಲ್ಲಿ -5ರ ಜಾಗ ಖಾಲಿ ಇದ್ದು, +29ರಲ್ಲಿ ಒಂದೇ ಚೂಪಾದ ಗೆರೆ ನಿಂತಿರುತ್ತದೆ ಅಂತ ನನ್ನ ಅಂದಾಜು. ಆ ಗೆರೆಯನ್ನು ಒಮ್ಮೆ ಕಣ್ಣಾರೆ ನೋಡಿದವರು ಮುಂದೆ ಡಿಗ್ಯಾಸ್ ಮಾಡುವುದನ್ನು, ಅಂದರೆ ಕರಗಿದ ಗಾಳಿ ತೆಗೆಯುವುದನ್ನು, ಬಿಡುವುದಿಲ್ಲ.

ಟಿಎಲ್‌ಸಿಯಲ್ಲಿ ಮೇಲೆ ಕಾಣುವ ಚುಕ್ಕೆಯೂ ಇದೇ ಕಥೆಯ ಭಾಗ. ಅದು ಬೈಫಿನೈಲ್ ಆಗಿರುವ ಸಾಧ್ಯತೆ ಜಾಸ್ತಿ. ಮೀಥಾಕ್ಸಿ ಇಲ್ಲದ್ದರಿಂದ ಸಿಲಿಕಾ ಮೇಲೆ ಅದು ನಿಮ್ಮ ಪ್ರಾಡಕ್ಟ್‌ಗಿಂತ ಮುಂದೆ ಓಡುತ್ತದೆ. ಉಳಿದ ಬ್ರೋಮೋಅನಿಸೋಲ್ ಕೂಡ ಮೇಲೇ ಓಡಬಹುದು, ಆದ್ದರಿಂದ ಎರಡನ್ನೂ ಪಕ್ಕದಲ್ಲಿ ಚುಕ್ಕೆ ಹಾಕಿ ಹೋಲಿಸಿ ನೋಡಿ. ಬೈಫಿನೈಲ್ ಎರಡು ಬೋರಾನಿಕ್ ಆಸಿಡ್ ಸೇರಿ ಆದದ್ದು. ಪಲ್ಲಾಡಿಯಂ(2) ಮೇಲೆ ಬ್ರೋಮೈಡ್‌ನಿಂದ ಬಂದ ಉಂಗುರ ಕೂರುವ ಮುಂಚೆ ಬೋರಾನ್‌ನಿಂದಲೇ ಎರಡು ಫಿನೈಲ್ ಬಂದು ಕೂತರೆ ಹೊರಬೀಳುವುದು ಬೈಫಿನೈಲ್, ಉಳಿಯುವುದು ಪಲ್ಲಾಡಿಯಂ(0). ಪಲ್ಲಾಡಿಯಂ ಆಸಿಟೇಟ್ ಎಚ್ಚರಗೊಳ್ಳುವ ಎರಡನೇ ದಾರಿ ಇದು, ಇದರಿಂದ ಬರುವ ಬೈಫಿನೈಲ್ ಸ್ವಲ್ಪವೇ. ಫ್ಲಾಸ್ಕ್‌ನಲ್ಲಿ ಗಾಳಿ ಇದ್ದರೆ ಮಾತ್ರ ಅದು ನಿಲ್ಲುವುದಿಲ್ಲ. ಆಮ್ಲಜನಕ ಪಲ್ಲಾಡಿಯಂ(0)ವನ್ನು ಮತ್ತೆ 2 ಮಾಡುತ್ತದೆ, ಮತ್ತೆ ಎರಡು ಬೋರಾನಿಕ್ ಆಸಿಡ್ ಹಾಳು, ಮತ್ತೆ ಬೈಫಿನೈಲ್. ಚುಕ್ಕೆ ದಪ್ಪಗಿದ್ದರೆ ಗಾಳಿ ಒಳಗೆ ಬರುತ್ತಿದೆ ಅಂತಲೇ ತಿಳಿಯಿರಿ.

ಪಲ್ಲಾಡಿಯಂ ಜಾಸ್ತಿ ಹಾಕಿದರೆ ಯಾಕೆ ಉಪಯೋಗ ಇಲ್ಲ ಅನ್ನುವುದಕ್ಕೆ ಫಾಸ್ಫೀನ್ ಲೆಕ್ಕದ ಆಚೆಗೂ ಒಂದು ಕಾರಣ ಇದೆ. ಬ್ರೋಮೈಡ್ ಹಿಡಿಯುವ ಕೆಲಸಕ್ಕೆ ಒಂದು ಪಲ್ಲಾಡಿಯಂ ಸಾಕು. ಮುದ್ದೆಯಾಗಲು ಕನಿಷ್ಠ ಎರಡು ಎದುರುಬದುರಾಗಬೇಕು. ಪಲ್ಲಾಡಿಯಂ ದುಪ್ಪಟ್ಟು ಮಾಡಿದರೆ ಒಳ್ಳೆಯ ಕೆಲಸ ಹೆಚ್ಚೆಂದರೆ ಎರಡು ಪಟ್ಟು, ಆದರೆ ಮುಖಾಮುಖಿಗಳು ನಾಲ್ಕು ಪಟ್ಟು. ಇದರ ತಿರುವುಮುರುವು ಕೂಡ ನಿಜ. 2003ರಲ್ಲಿ ನೆದರ್‌ಲೆಂಡ್ಸ್‌ನ ಯೋಹಾನೆಸ್ ಡಿ ವ್ರೀಸ್ ಅವರ ತಂಡ ಹೆಕ್ ರಿಯಾಕ್ಷನ್ ಅನ್ನುವ ಇನ್ನೊಂದು ಪಲ್ಲಾಡಿಯಂ ಕಪ್ಲಿಂಗ್‌ನಲ್ಲಿ ಇದನ್ನು ತೋರಿಸಿತು. ಲಿಗ್ಯಾಂಡ್ ಏನೂ ಇಲ್ಲದೆ, ಆರಿಲ್ ಬ್ರೋಮೈಡ್‌ಗಳ ಜೊತೆ, ಪಲ್ಲಾಡಿಯಂ ಅನ್ನು 0.01ರಿಂದ 0.1 ಮೋಲ್ ಶೇಕಡಾಕ್ಕೆ ಇಳಿಸಿದಾಗ ರಿಯಾಕ್ಷನ್ ಚೆನ್ನಾಗಿ ನಡೆಯಿತು. ಜಾಸ್ತಿ ಹಾಕಿದಾಗ ಕಪ್ಪಾಗಿ ನಿಂತಿತು. ತೀರಾ ಕಡಿಮೆ ಮಾಡಿದರೆ ಕೆಲಸ ನಿಧಾನ. ನಡುವೆ ಒಂದು ಒಳ್ಳೆಯ ಜಾಗ ಇದೆ, ಅದನ್ನು ಪ್ರತಿ ರಿಯಾಕ್ಷನ್‌ಗೂ ಹುಡುಕಿಕೊಳ್ಳಬೇಕು. ಯೀಲ್ಡ್ ಕಡಿಮೆ ಬಂದಾಗ ಕೈ ತಾನಾಗಿ ಕ್ಯಾಟಲಿಸ್ಟ್ ಬಾಟಲಿಯ ಕಡೆ ಹೋಗುತ್ತದೆ. ಅರ್ಧಕ್ಕೆ ಇಳಿಸಿ ಒಂದು ಸಲ ನೋಡುವುದು ಅಷ್ಟೇ ಬೇಕಾದ ಪ್ರಯೋಗ.

ಆ ಕಪ್ಪು ಕಣಗಳು ಪೂರ್ತಿ ಸತ್ತವೇ? ಇಲ್ಲ. ಬ್ರೋಮೈಡ್ ಇನ್ನೂ ಇದ್ದರೆ ಅದು ಕಣದ ಮೇಲ್ಮೈಯಲ್ಲಿರುವ ಪಲ್ಲಾಡಿಯಂ ಅನ್ನು ಕಿತ್ತು ದ್ರಾವಣಕ್ಕೆ ತರಬಲ್ಲದು. ಸಣ್ಣ ಕಣಗಳಿಂದ ಇದು ಸುಲಭ, ದೊಡ್ಡ ಮುದ್ದೆಗಳಿಂದ ಕಷ್ಟ. ಇದ್ದಿಲಿನ ಮೇಲೆ ಕೂರಿಸಿದ ಪಲ್ಲಾಡಿಯಂ ಹಾಕಿ ಕಪ್ಲಿಂಗ್ ಮಾಡುವಾಗಲೂ ಹೆಚ್ಚಿನ ಸಲ ನಡೆಯುವುದು ಇದೇ. ಲೋಹ ಹೊರಗೆ ಬರುತ್ತದೆ, ದ್ರಾವಣದಲ್ಲಿ ಸುತ್ತು ಮುಗಿಸುತ್ತದೆ, ಕೊನೆಗೆ ಮತ್ತೆ ಇದ್ದಿಲಿನ ಮೇಲೆ ಹೋಗಿ ಕೂರುತ್ತದೆ. ಹೊರಗಿನಿಂದ ನೋಡುವವರಿಗೆ ಘನ ಕ್ಯಾಟಲಿಸ್ಟ್ ಅಲ್ಲಾಡದೆ ಕೆಲಸ ಮಾಡಿದಂತೆ ಕಾಣುತ್ತದೆ. ರಷ್ಯಾದ ವ್ಯಾಲೆಂಟಿನ್ ಅನಾನಿಕೋವ್ ಇದಕ್ಕೆ ಕಾಕ್‌ಟೇಲ್ ಅನ್ನುವ ಹೆಸರು ಬಳಸುತ್ತಾರೆ. ಒಂಟಿ ಅಣು, ಸಣ್ಣ ಗುಂಪು, ನ್ಯಾನೋ ಕಣ, ಎಲ್ಲವೂ ಒಂದೇ ಫ್ಲಾಸ್ಕ್‌ನಲ್ಲಿ, ಒಂದರಿಂದ ಒಂದಕ್ಕೆ ಬದಲಾಗುತ್ತಾ ಇರುತ್ತವೆ. ಫ್ಲಾಸ್ಕ್ ಒಳಗಿನ ಪಲ್ಲಾಡಿಯಂಗೆ ಇದಕ್ಕಿಂತ ಪ್ರಾಮಾಣಿಕವಾದ ಚಿತ್ರ ನನಗೆ ಗೊತ್ತಿಲ್ಲ.

ಯಾವ ರೂಪ ಕೆಲಸ ಮಾಡುತ್ತಿದೆ ಅಂತ ಪತ್ತೆ ಹಚ್ಚಲು ಎರಡು ಹಳೆಯ ಪರೀಕ್ಷೆಗಳಿವೆ. ಒಂದು, ಅರ್ಧ ನಡೆದಾಗ ಬಿಸಿಬಿಸಿಯಾಗಿಯೇ ಸೋಸಿ, ಸೋಸಿದ ದ್ರಾವಣ ಮುಂದುವರಿಯುತ್ತದಾ ಅಂತ ನೋಡುವುದು. ಇನ್ನೊಂದು, ಒಂದು ಹನಿ ಪಾದರಸ ಹಾಕುವುದು. ಅದು ಲೋಹದ ಕಣಗಳನ್ನು ನುಂಗಿಬಿಡುತ್ತದೆ, ರಿಯಾಕ್ಷನ್ ನಿಂತರೆ ಕಣಗಳೇ ಕೆಲಸ ಮಾಡುತ್ತಿದ್ದವು ಅಂತ ಹೇಳುವುದು ವಾಡಿಕೆ. ಎರಡನ್ನೂ ಕುರುಡಾಗಿ ನಂಬಬೇಡಿ. ಸೋಸುವಷ್ಟರಲ್ಲಿ ತಣ್ಣಗಾದರೆ ಪಲ್ಲಾಡಿಯಂ ಮತ್ತೆ ಕಣದ ಮೇಲೆ ಹೋಗಿ ಕೂರಬಹುದು. ಪಾದರಸ ದ್ರಾವಣದಲ್ಲಿರುವ ಪಲ್ಲಾಡಿಯಂ(0) ಅಣುಗಳನ್ನೂ ಹಿಡಿಯಬಹುದು. ಪಾದರಸ ವಿಷ ಬೇರೆ. ನಿಮ್ಮ ಪ್ರಾಜೆಕ್ಟ್‌ಗೆ ಅದು ಬೇಕಾಗಿಲ್ಲ.

ಇಲ್ಲಿ ನನ್ನ ಅನುಭವ ಒಂದು ಹೇಳುತ್ತೇನೆ. ಪಿಎಚ್.ಡಿ. ಮಾಡುವಾಗ ಕಬ್ಬಿಣದ ಒಂದು ಸಂಯುಕ್ತ ಸುಜುಕಿಗೆ ಕ್ಯಾಟಲಿಸ್ಟ್ ಆಗುತ್ತದಾ ಅಂತ ನೋಡುತ್ತಿದ್ದೆ. ಚೆನ್ನಾಗಿಯೇ ಆಯಿತು. ಖುಷಿಯಲ್ಲಿ ಕಂಟ್ರೋಲ್ ಪ್ರಯೋಗ ಮಾಡಿದೆ, ಕಬ್ಬಿಣ ಇಲ್ಲದೆ. ಅದೂ ಆಯಿತು. ಎರಡು ವಾರ ಒಂದೊಂದೇ ವಸ್ತು ಬದಲಾಯಿಸುತ್ತಾ ಹೋದೆ. ಕೊನೆಗೆ ಹೊಸ ಮ್ಯಾಗ್ನೆಟಿಕ್ ಬಾರ್ ಹಾಕಿದ ದಿನ ರಿಯಾಕ್ಷನ್ ನಿಂತಿತು. ಹಳೆಯ ಬಾರ್‌ನ ಬಿಳಿ ಟೆಫ್ಲಾನ್ ಮೇಲೆ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಷ್ಟು ತೆಳುವಾದ ಬೂದು ಗೀರುಗಳಿದ್ದವು. ಹಿಂದೆ ಯಾವತ್ತೋ ಮಾಡಿದ ಕಪ್ಲಿಂಗ್‌ನ ಪಲ್ಲಾಡಿಯಂ ಆ ಗೀರುಗಳಲ್ಲಿ ಉಳಿದಿತ್ತು, ಅಸಿಟೋನ್ ತೊಳೆತಕ್ಕೆ ಹೋಗಿರಲಿಲ್ಲ. ಅವತ್ತಿನಿಂದ ಪಲ್ಲಾಡಿಯಂ ಕೆಲಸಕ್ಕೆ ಬೇರೆಯೇ ಬಾರ್‌ಗಳನ್ನು ಇಟ್ಟಿದ್ದೇನೆ.

ಇದು ನನಗೊಬ್ಬನಿಗೆ ಆದದ್ದಲ್ಲ. 2003ರಲ್ಲಿ ನಿಕೋಲಸ್ ಲೆಡ್‌ಬೀಟರ್ ತಂಡ ಲೋಹವೇ ಇಲ್ಲದೆ ಸುಜುಕಿ ಕಪ್ಲಿಂಗ್ ಆಗುತ್ತದೆ ಅಂತ ವರದಿ ಮಾಡಿತ್ತು. 2005ರಲ್ಲಿ ಅದೇ ತಂಡ ಕಾರಣವನ್ನೂ ತಾನೇ ಪ್ರಕಟಿಸಿತು. ಅಂಗಡಿಯಿಂದ ತಂದ ಸೋಡಿಯಂ ಕಾರ್ಬೋನೇಟ್‌ನಲ್ಲಿ ಸುಮಾರು 50 ಪಿಪಿಬಿ ಪಲ್ಲಾಡಿಯಂ ಇತ್ತು. ನೂರು ಕೋಟಿಯಲ್ಲಿ 50 ಭಾಗ! ಅಷ್ಟೇ ಕೆಲಸ ಮಾಡಿತ್ತು. ತಮ್ಮದೇ ಫಲಿತಾಂಶವನ್ನು ಬೆನ್ನಟ್ಟಿ ಹೋಗಿ ಸರಿಪಡಿಸಿದ ಆ ತಂಡದ ಬಗ್ಗೆ ನನಗೆ ಗೌರವ ಇದೆ. ನಿಮ್ಮ 41%ಗೂ ಇದಕ್ಕೂ ಸಂಬಂಧ ಇದೆ. ಒಂಟಿಯಾಗಿ ಓಡಾಡುವ ಪಲ್ಲಾಡಿಯಂ ಎಷ್ಟು ಚುರುಕು ಅಂತ ಇದು ಹೇಳುತ್ತದೆ. ನಿಮ್ಮ ಫ್ಲಾಸ್ಕ್‌ನಲ್ಲಿ ಲೋಹಕ್ಕೆ ಕೊರತೆ ಇಲ್ಲ, ಅದರ ಹೆಚ್ಚಿನ ಭಾಗ ಮುದ್ದೆಯೊಳಗೆ ಸಿಕ್ಕಿಕೊಂಡಿದೆ.

ಲಿಗ್ಯಾಂಡ್ ಬದಲಾಯಿಸಬೇಕಾ ಅಂತ ನಿಮಗೆ ಅನ್ನಿಸಬಹುದು. ಟ್ರೈಫಿನೈಲ್‌ಫಾಸ್ಫೀನ್ ಅಗ್ಗ, ಒಳ್ಳೆಯದು, ಆದರೆ ಸಾಧಾರಣ. ಅದನ್ನು ತುಂಬಾ ಜಾಸ್ತಿ ಹಾಕಿದರೂ ತೊಂದರೆ. ಪಲ್ಲಾಡಿಯಂ ಸುತ್ತ ನಾಲ್ಕು ಫಾಸ್ಫೀನ್ ಕೂತರೆ ಬ್ರೋಮೈಡ್‌ಗೆ ಜಾಗವೇ ಇರುವುದಿಲ್ಲ, ಕನಿಷ್ಠ ಎರಡಾದರೂ ಎದ್ದು ಹೋಗಬೇಕು. 1998ರ ಸುಮಾರಿಗೆ ಗ್ರೆಗರಿ ಫು ಮತ್ತು ಸ್ಟೀಫನ್ ಬಕ್‌ವಾಲ್ಡ್ ಬೇರೆಬೇರೆಯಾಗಿ ಇದಕ್ಕೆ ಒಳ್ಳೆಯ ಉಪಾಯ ಕಂಡುಕೊಂಡರು. ದಪ್ಪ ಮೈಯ, ಎಲೆಕ್ಟ್ರಾನ್ ಧಾರಾಳವಾಗಿ ಕೊಡುವ ಫಾಸ್ಫೀನ್‌ಗಳು. ಫು ಅವರದು ಟ್ರೈ-ಟರ್ಷಿಯರಿ-ಬ್ಯೂಟೈಲ್‌ಫಾಸ್ಫೀನ್, ಬಕ್‌ವಾಲ್ಡ್ ಅವರದು ಎರಡು ಬೆಂಜೀನ್ ಉಂಗುರ ಬೆನ್ನಿಗೆ ಕಟ್ಟಿಕೊಂಡ ಬೈಆರಿಲ್ ಫಾಸ್ಫೀನ್‌ಗಳು. ಎಲೆಕ್ಟ್ರಾನ್ ತುಂಬಿದ್ದರಿಂದ ಪಲ್ಲಾಡಿಯಂ ಗಟ್ಟಿ ಬಂಧವನ್ನೂ ಮುರಿಯುತ್ತದೆ. ಮೈ ದಪ್ಪಗಿರುವುದರಿಂದ ಒಂದೇ ಒಂದು ಫಾಸ್ಫೀನ್ ಹೊತ್ತ ಪಲ್ಲಾಡಿಯಂ ಸಿಗುತ್ತದೆ. ಒಂದು ಕಡೆ ಬ್ರೋಮೈಡ್‌ಗೆ ಜಾಗ, ಇನ್ನೊಂದು ಕಡೆ ಬೇರೆ ಪಲ್ಲಾಡಿಯಂ ಹತ್ತಿರ ಬರದಂತೆ ಗೋಡೆ. ಹಠಮಾರಿ ಅನ್ನಿಸಿದ್ದ ಕ್ಲೋರೈಡ್‌ಗಳೂ ಆಮೇಲೆ ಸಾಮಾನ್ಯ ಬಿಸಿಯಲ್ಲೇ ದಾರಿಗೆ ಬಂದವು. ನಿಮ್ಮ ಲ್ಯಾಬ್‌ನಲ್ಲಿ ಬಕ್‌ವಾಲ್ಡ್ ಅವರ ಫಾಸ್ಫೀನ್‌ಗಳಾದ ಎಸ್‌ಫಾಸ್ ಅಥವಾ ಎಕ್ಸ್‌ಫಾಸ್ ಇದ್ದರೆ ಖಂಡಿತ ಒಂದು ಸಲ ಹಾಕಿ ನೋಡಿ. ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ. 4-ಬ್ರೋಮೋಅನಿಸೋಲ್‌ಗೆ ಟ್ರೈಫಿನೈಲ್‌ಫಾಸ್ಫೀನ್ ಸಾಕು, ಸರಿಯಾಗಿ ನೋಡಿಕೊಂಡರೆ.

ಹೇಗೆ ನೋಡಿಕೊಳ್ಳುವುದು ಅಂದರೆ, ಪಲ್ಲಾಡಿಯಂ 2 ಶೇಕಡಾದಲ್ಲೇ ಇರಲಿ. ಫಾಸ್ಫೀನ್ 8 ಶೇಕಡಾಕ್ಕೆ ಏರಿಸಿ, ಅಂದರೆ ನಿಮ್ಮ ಅಳತೆಗೆ 105 ಮಿಲಿಗ್ರಾಂ. ಎಚ್ಚರಿಸಲು ಒಂದು ಹೋದ ಮೇಲೂ ಪ್ರತಿ ಪಲ್ಲಾಡಿಯಂಗೆ ಮೂರು ಉಳಿಯುತ್ತದೆ. ಬ್ರೋಮೈಡ್, ಬೋರಾನಿಕ್ ಆಸಿಡ್, ಕಾರ್ಬೋನೇಟ್, ಡಯಾಕ್ಸೇನ್, ನೀರು ಎಲ್ಲಾ ಮೊದಲು ಫ್ಲಾಸ್ಕ್‌ಗೆ ಹಾಕಿ. ಉದ್ದ ಸೂಜಿಯನ್ನು ದ್ರಾವಣದ ತಳದವರೆಗೆ ಇಳಿಸಿ ಇಪ್ಪತ್ತು ನಿಮಿಷ ನೈಟ್ರೋಜನ್ ಗುಳ್ಳೆ ಬಿಡಿ. ದ್ರಾವಣದ ಮೇಲೆ ಮಾತ್ರ ನೈಟ್ರೋಜನ್ ಹರಿಸಿದರೆ ಸಾಲದು, ಕರಗಿದ ಆಮ್ಲಜನಕ ಒಳಗೇ ಇರುತ್ತದೆ. ಇನ್ನೊಂದು ಸಣ್ಣ ಫ್ಲಾಸ್ಕ್‌ನಲ್ಲಿ, ಅದೇ ರೀತಿ ಡಿಗ್ಯಾಸ್ ಮಾಡಿದ ಸ್ವಲ್ಪ ಡಯಾಕ್ಸೇನ್‌ನಲ್ಲಿ, ಪಲ್ಲಾಡಿಯಂ ಆಸಿಟೇಟ್ ಮತ್ತು ಫಾಸ್ಫೀನ್ ಸೇರಿಸಿ ನೈಟ್ರೋಜನ್ ಕೆಳಗೆ ತಿರುಗಿಸಿ. ಕಿತ್ತಳೆ-ಕಂದು ಬಣ್ಣ ನಿಧಾನವಾಗಿ ಹಳದಿಯ ಕಡೆ ತಿರುಗುತ್ತದೆ. ಆ ಹಳದಿ ಬಂದ ಮೇಲೆ ಸಿರಿಂಜ್‌ನಲ್ಲಿ ತೆಗೆದು ದೊಡ್ಡ ಫ್ಲಾಸ್ಕ್‌ಗೆ ಹಾಕಿ, ಆಮೇಲೆ ಬಿಸಿ ಮಾಡಿ. ಬಿಸಿ ಏರುವ ಹೊತ್ತಿಗೆ ಕ್ಯಾಟಲಿಸ್ಟ್‌ಗೆ ಹಿಡಿಯಲು ಬ್ರೋಮೈಡ್ ಸಿಗಬೇಕು, ಮೈಮೇಲೆ ಫಾಸ್ಫೀನ್ ಇರಬೇಕು, ಗಾಳಿ ಮಾತ್ರ ಇರಬಾರದು. ಇದು ಚೆನ್ನಾಗಿ ಬಂದರೆ ಮುಂದಿನ ಸಲ ಪಲ್ಲಾಡಿಯಂ 1 ಶೇಕಡಾ, ಆಮೇಲೆ 0.5. ಪ್ರತಿ ಸಲವೂ ಫಾಸ್ಫೀನ್ ಅನ್ನು ಅದೇ ಪ್ರಮಾಣದಲ್ಲಿ ಇಳಿಸಿ.

ಬೋರಾನಿಕ್ ಆಸಿಡ್ ಹಳೆಯದಾಗಿದ್ದರೆ ಅದನ್ನೂ ಒಮ್ಮೆ ಪರೀಕ್ಷಿಸಿ. ಫಿನೈಲ್‌ಬೋರಾನಿಕ್ ಆಸಿಡ್ ಸಾಮಾನ್ಯವಾಗಿ ಗಟ್ಟಿ, ನಿಮ್ಮ ದೋಷ ಅಲ್ಲಿದೆ ಅಂತ ಅನ್ನಿಸುವುದಿಲ್ಲ.

ಕೊನೆಗೆ ಪ್ರಾಡಕ್ಟ್ ಶುದ್ಧ ಮಾಡುವುದರ ಬಗ್ಗೆ. ನಿಮ್ಮ ಫ್ಲಾಸ್ಕ್‌ನಲ್ಲಿ ಒಟ್ಟು 10.6 ಮಿಲಿಗ್ರಾಂ ಪಲ್ಲಾಡಿಯಂ ಲೋಹ ಇದೆ. ಪೂರ್ತಿ ಯೀಲ್ಡ್ ಬಂದರೆ ಪ್ರಾಡಕ್ಟ್ 0.92 ಗ್ರಾಂ. ಎಲ್ಲಾ ಲೋಹವೂ ಅದರಲ್ಲೇ ಉಳಿದರೆ 11,000 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ದಾಟುತ್ತದೆ. ಬಾಯಿಂದ ತೆಗೆದುಕೊಳ್ಳುವ ಔಷಧಿಯಲ್ಲಿ ಪಲ್ಲಾಡಿಯಂ ದಿನಕ್ಕೆ 100 ಮೈಕ್ರೋಗ್ರಾಂ ಮೀರಬಾರದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ದಿನಕ್ಕೆ 10 ಗ್ರಾಂ ಡೋಸ್ ಅಂತ ಹಿಡಿದರೆ 10 ಪಿಪಿಎಂ. ರಕ್ತದೊತ್ತಡದ ಲೋಸಾರ್ಟಾನ್ ಮಾತ್ರೆ ತಯಾರಿಕೆಯಲ್ಲೂ ಸುಜುಕಿ ಕಪ್ಲಿಂಗ್ ಬಳಕೆಯಲ್ಲಿದೆ, ಅಲ್ಲಿ ಈ ಲೆಕ್ಕ ತುಂಬಾ ಗಂಭೀರ. ಪೂರ್ತಿ ಕಪ್ಪಾದ ಪಲ್ಲಾಡಿಯಂ ಸೆಲೈಟ್ ಅನ್ನುವ ಸೋಸುವ ಪುಡಿಯ ಮೂಲಕ ಸೋಸಿದರೆ ಹೋಗುತ್ತದೆ. ಫಾಸ್ಫೀನ್ ಜೊತೆ ಕರಗಿ ಕೂತದ್ದು ಹೋಗುವುದಿಲ್ಲ, ಕಾಲಂನಲ್ಲೂ ಹಳದಿಯಾಗಿ ಹಿಂಬಾಲಿಸುತ್ತದೆ. ಅದಕ್ಕೆ ಥಯಾಲ್ (ಗಂಧಕದ ಗುಂಪು) ಕೂರಿಸಿದ ಸಿಲಿಕಾ ಹಾಕಿ ಕೆಲವು ಗಂಟೆ ತಿರುಗಿಸಿದರೆ ಗಂಧಕ ಪಲ್ಲಾಡಿಯಂ ಅನ್ನು ಹಿಡಿದುಕೊಳ್ಳುತ್ತದೆ.

ಮುಂದಿನ ಪ್ರಯೋಗದಲ್ಲಿ ಗಡಿಯಾರ ಪಕ್ಕದಲ್ಲಿಡಿ. 5, 10, 20, 40 ನಿಮಿಷಕ್ಕೆ ಬಣ್ಣ ಬರೆದುಕೊಳ್ಳಿ, ಅದೇ ಹೊತ್ತಿಗೆ ಟಿಎಲ್‌ಸಿ ಹಾಕಿ. ಬ್ರೋಮೋಅನಿಸೋಲ್ ಚುಕ್ಕೆ ಇರುವಾಗಲೇ ಕಪ್ಪಾಯಿತಾ, ಹೋದ ಮೇಲೆ ಕಪ್ಪಾಯಿತಾ, ಅದೊಂದು ವಿಷಯ ನನಗೆ ಬರೆದು ತಿಳಿಸಿ.